ಕಾರಿನ ಒಣ ಸ್ನಾನ

ವಿಮರ್ಶೆ ಎಂದರೆ ಕಾವ್ಯಕ್ಕೆ, ಕಾದಂಬರಿಗೆ ಮೀಸಲಾದದ್ದು ಎಂದು ಬಿ.ಎ. ತರಗತಿಯಲ್ಲಿ ಕಲಿತವಳು ನಾನು. ಆದರೆ ಸಂಸಾರ ನಡೆಸುವ ಹೆಣ್ಣುಮಕ್ಕಳು ದಿನ ಬೆಳಗಾದರೆ ಓದುವುದು ಏನನ್ನು? ಬೇಳೆ ಪೊಟ್ಟಣದ ಮೇಲಿನ ಬರಹ, ಸೋಪಿನ ಪುಡಿಯ ಚೀಲದ ಮಾತು, ಔಷಧದ ಶೀಶೆಯ ಸಣ್ಣಕ್ಷರ. ಮನೆಯ ದುಡ್ಡು ಹೊರಗೆ ಹೋಗುವುದು ಈ ಬರಹಗಳನ್ನು ನಂಬಿಯೇ. ಹಾಗಿರುವಾಗ ಅವುಗಳ ಗುಣದೋಷವನ್ನೂ ಒಮ್ಮೆ ಕೂತು ನೋಡಿದರೆ ತಪ್ಪೇನು? ಈ ಸಲ ನಾನು ಕೈಗೆತ್ತಿಕೊಂಡಿರುವುದು ಕಾರು ತೊಳೆಯುವ ಒಂದು ಶೀಶೆಯನ್ನು. ತೊಳೆಯುವ ಎಂದೆನಲ್ಲ, ತೊಳೆಯದೆಯೇ ತೊಳೆಯುವ ಶೀಶೆ ಎನ್ನಬೇಕು. ‘ವಾಟರ್‌ಲೆಸ್ ವಾಶ್’ ಎಂದು ಅದರ ಹೆಸರು. ಅಂದರೆ ನೀರಿಲ್ಲದ ಸ್ನಾನ.

ಮೊದಲು ಹೆಸರನ್ನೇ ನೋಡೋಣ. ರೇಷ್ಮೆ ಸೀರೆಯನ್ನು ‘ಡ್ರೈ ಕ್ಲೀನಿಂಗ್’ಗೆ ಕೊಡುತ್ತೇವೆ. ಅಲ್ಲಿ ಸೀರೆ ಒಣಗಿಯೇ ಇರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಸೀರೆ ತೊಪ್ಪನೆ ನೆನೆಯುತ್ತದೆ, ಆದರೆ ನೀರಿನಲ್ಲಲ್ಲ, ಬೇರೊಂದು ದ್ರಾವಕದಲ್ಲಿ. ಅಲ್ಲಿ ‘ಡ್ರೈ’ ಎಂದರೆ ನೀರು ತಾಗಿಸಿಲ್ಲ ಎಂದಷ್ಟೇ ಅರ್ಥ. ಕಾರಿನ ಶೀಶೆಯ ವಿಷಯ ಇದಕ್ಕೆ ತಿರುಗುಮುರುಗು. ಅದರೊಳಗೆ ಇರುವುದು ಬಹುಪಾಲು ನೀರೇ. ಆ ನೀರಿಗೆ ಕೊಳೆ ಬಿಡಿಸುವ ಸಾಬೂನಿನಂಥ ಪದಾರ್ಥ ಒಂದಿಷ್ಟು, ಜಾರಿಕೆ ಕೊಡುವ ಪಾಲಿಮರ್ ಒಂದಿಷ್ಟು, ಕೆಲವದರಲ್ಲಿ ಹೊಳಪಿಗೆಂದು ಮೇಣ ಸೇರಿರುತ್ತವೆ. ಹಾಗಾಗಿ ಆ ಹೆಸರಿನಲ್ಲಿ ‘ನಲ್ಲಿಯ ನೀರು ಬೇಡ’ ಎಂಬ ಮಾತು ‘ನೀರೇ ಇಲ್ಲ’ ಎಂದು ಹಿಗ್ಗಿ ಕೂತಿದೆ. ಕನ್ನಡ ಪಾಠ ಹೇಳುವ ನನ್ನಂಥವಳು ಇಂಥ ಅತಿಶಯೋಕ್ತಿಗೆ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆಯಲೇಬೇಕು.

ಈ ಶೀಶೆಗೆ ಒಬ್ಬಳು ತಂಗಿಯೂ ಇದ್ದಾಳೆ. ಅವಳ ಹೆಸರು ‘ರಿನ್ಸ್‌ಲೆಸ್’. ಕೊನೆಯಲ್ಲಿ ನೀರು ಸುರಿದು ಜಾಲಿಸುವ ಕೆಲಸ ಬೇಡ ಎಂದು ಅರ್ಥ. ಇದನ್ನು ಅರ್ಧ ಬಕೆಟ್ ನೀರಿಗೆ ಒಂದೆರಡು ಚಮಚ ಬೆರೆಸಿ, ಬಟ್ಟೆ ಅದ್ದಿ ಒರೆಸಿ, ಇನ್ನೊಂದು ಒಣ ಬಟ್ಟೆಯಿಂದ ತೇವ ತೆಗೆಯಬೇಕು. ಅಮೆರಿಕದ ಆಪ್ಟಿಮಮ್ ಕಂಪನಿಯ ‘ನೋ ರಿನ್ಸ್’ ಎಂಬುದು ಈ ಬಗೆಯಲ್ಲಿ ಹೆಸರುವಾಸಿ. ಸುಮಾರು ಏಳೂವರೆ ಲೀಟರ್ ನೀರಿಗೆ 30 ಮಿಲಿಲೀಟರ್ ಅದರ ಅಳತೆ. ಅಕ್ಕ ‘ನೀರೇ ಬೇಡ’ ಎಂದು ಜಂಬ ಕೊಚ್ಚಿದರೆ, ತಂಗಿ ‘ಅರ್ಧ ಬಕೆಟ್ ಸಾಕು’ ಎನ್ನುತ್ತಾಳೆ. ನನಗೆ ತಂಗಿಯ ಮಾತಿನಲ್ಲೇ ನಂಬಿಕೆ ಹೆಚ್ಚು. ಏಕೆಂದು ಮುಂದೆ ಹೇಳುತ್ತೇನೆ.

ಇದು ಕೆಲಸ ಮಾಡುವ ಬಗೆ ನಮಗೇನೂ ಹೊಸತಲ್ಲ. ದೋಸೆ ಕಾವಲಿಯನ್ನು ಯಾವ ಗೃಹಿಣಿಯಾದರೂ ದಿನಾ ಸೋಪು ಹಾಕಿ ತೊಳೆಯುತ್ತಾಳೆಯೇ? ಅರ್ಧ ಕತ್ತರಿಸಿದ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಉಜ್ಜಿದರೆ ಮುಗಿಯಿತು. ಲಾಟೀನಿನ ಗಾಜಿಗೆ ನಮ್ಮಜ್ಜಿ ಹಾಕುತ್ತಿದ್ದದ್ದು ಒಲೆಯ ಬೂದಿ, ಮೇಲೊಂದು ಹಳೆಯ ಪಂಚೆಯ ತುಂಡು. ಎಲ್ಲೆಲ್ಲಿ ನೀರು ದೂರದಿಂದ ಬರಬೇಕಿತ್ತೋ ಅಲ್ಲೆಲ್ಲ ಹೆಂಗಸರು ನೀರಿನ ಬದಲು ಬೇರೊಂದನ್ನು ಹುಡುಕಿಕೊಂಡಿದ್ದರು. ಕಾರಿನ ಶೀಶೆಯೂ ಅದನ್ನೇ ಮಾಡುತ್ತದೆ. ಸಿಂಪಡಿಸಿದ ದ್ರವ ದೂಳಿನ ಕಣವನ್ನು ನೆನೆಸಿ, ಅದರ ಸುತ್ತ ಜಾರುವ ಪೊರೆಯೊಂದನ್ನು ಕಟ್ಟುತ್ತದೆ. ಅರೆ ನಿಮಿಷ ಬಿಟ್ಟು ಮೆತ್ತನೆಯ ಬಟ್ಟೆಯಿಂದ ಹಗುರವಾಗಿ ಎಳೆದರೆ ಕಣ ಬಣ್ಣವನ್ನು ಬಿಟ್ಟು ಬಟ್ಟೆಯ ಎಳೆಗಳೊಳಗೆ ಸೇರಿಕೊಳ್ಳುತ್ತದೆ. ಕೆಲಸದಲ್ಲಿ ದ್ರವದ್ದು ಅರ್ಧ ಪಾಲು, ಉಳಿದರ್ಧ ಬಟ್ಟೆಯದು ಮತ್ತು ಕೈಯದು. ಶೀಶೆಯ ಬರಹದಲ್ಲಿ ದ್ರವದ ಸ್ತೋತ್ರ ಸಾಲುಸಾಲಾಗಿ ಇರುತ್ತದೆ, ಬಟ್ಟೆಗೆ ಒಂದು ಸಾಲು, ಕೈಗೆ ಏನೂ ಇಲ್ಲ. ನನ್ನ ಮುಖ್ಯ ತಕರಾರು ಇರುವುದು ಇಲ್ಲಿಯೇ.

ಮೊದಲು ಗುಣವನ್ನು ಹೇಳಿಬಿಡುತ್ತೇನೆ, ನ್ಯಾಯ ನ್ಯಾಯವೇ. ನಮ್ಮ ತಮ್ಮ ಬೆಂಗಳೂರಿನಲ್ಲಿದ್ದಾನೆ. 2024ರ ಮಾರ್ಚ್‌ನಲ್ಲಿ ಅಲ್ಲಿ ನೀರಿನ ಬವಣೆ ಹೆಚ್ಚಿದಾಗ, ಕುಡಿಯುವ ನೀರಿನಲ್ಲಿ ವಾಹನ ತೊಳೆಯಬಾರದು, ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆಜ್ಞೆ ಹೊರಡಿಸಿತು. ಕೆಲವೇ ದಿನಗಳಲ್ಲಿ 22 ಮನೆಗಳಿಂದ 1 ಲಕ್ಷ 10 ಸಾವಿರ ರೂಪಾಯಿ ವಸೂಲಾಯಿತು. 2025ರ ಫೆಬ್ರವರಿಯಲ್ಲಿ ಬೇಸಿಗೆ ಕಾಲಿಡುವ ಮೊದಲೇ ಅದೇ ಆಜ್ಞೆ ಮತ್ತೆ ಬಂತು. ಆ ಆಜ್ಞೆಯ ಹಿಂದಿನ ಕಾರಣ ನಾವೆಲ್ಲ ತಿಳಿದಿರಬೇಕಾದದ್ದು. ಬೆಂಗಳೂರಿನ ನಲ್ಲಿಗೆ ಬರುವ ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿ ಕಡೆಯಿಂದ, ಸುಮಾರು 500 ಮೀಟರ್ ಎತ್ತರಕ್ಕೆ, ಮೂರು ಕಡೆ ಪಂಪುಗಳಿಂದ ಎತ್ತಿಸಿಕೊಂಡು ಬರುವ ನೀರು. ಶುದ್ಧ ಮಾಡಿ, ಬೆಟ್ಟ ಹತ್ತಿಸಿ ತಂದ ನೀರನ್ನು ಚಕ್ರದ ಕೆಸರಿಗೆ ಸುರಿಯುವುದು ಹಾಲಿನಲ್ಲಿ ಕಾಲು ತೊಳೆದಂತೆಯೇ ಅಲ್ಲವೇ?

ದೂರದ ಊರುಗಳೂ ಇದೇ ದಾರಿ ಹಿಡಿದಿವೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರದಲ್ಲಿ 2018ರಲ್ಲಿ ನಲ್ಲಿಗಳು ಪೂರ್ತಿ ನಿಂತುಹೋಗುವ ದಿನ ಹತ್ತಿರ ಬಂದಿತ್ತು. ಫೆಬ್ರವರಿಯಿಂದ ಒಬ್ಬರಿಗೆ ದಿನಕ್ಕೆ 50 ಲೀಟರ್ ಮಾತ್ರ ಎಂದು ಕಟ್ಟು ಮಾಡಿದರು. ನಗರಸಭೆಯ ಕುಡಿಯುವ ನೀರಿನಿಂದ ವಾಹನ ತೊಳೆಯುವುದು ನಿಷಿದ್ಧ. ತೊಳೆಯಲೇಬೇಕೆಂದರೆ ಕುಡಿಯಲು ಬಾರದ ನೀರು ಇಲ್ಲವೇ ಈ ಬಗೆಯ ನೀರಿಲ್ಲದ ದ್ರವ. ಅಂದರೆ ಆಪತ್ತಿನ ಹೊತ್ತಿಗೆ ಈ ಶೀಶೆ ನಿಜಕ್ಕೂ ಉಪಯೋಗಕ್ಕೆ ಬಂದದ್ದುಂಟು. ಅದನ್ನು ಅಲ್ಲಗಳೆಯುವುದು ಸರಿಯಲ್ಲ.

ನಮ್ಮ ಚಿತ್ರದುರ್ಗದವರಿಗೆ ಇನ್ನೊಂದು ಲಾಭವೂ ಇದೆ. ನಮ್ಮ ಬಡಾವಣೆಯ ಕೊಳವೆಬಾವಿಯ ನೀರು ಗಡುಸು. ಸ್ಟೀಲ್ ಚೊಂಬನ್ನು ಒರೆಸದೆ ಬೋರಲು ಹಾಕಿದರೆ ಬೆಳಗಾಗುವಷ್ಟರಲ್ಲಿ ಅದರ ಮೇಲೆ ಬಿಳಿಯ ಚುಕ್ಕೆಗಳ ರಂಗೋಲಿ. ಬಿಸಿಲಿನಲ್ಲಿ ನಿಂತ ಕಾರಿನ ಮೇಲೆ ಅದೇ ನೀರು ಆರಿದರೆ ಅದೇ ರಂಗೋಲಿ ಬಾನೆಟ್ಟಿನ ಮೇಲೂ ಮೂಡುತ್ತದೆ, ಅದು ಸುಲಭಕ್ಕೆ ಹೋಗುವುದಿಲ್ಲ. ಒರೆಸಿ ತೆಗೆಯುವ ಈ ಪದ್ಧತಿಯಲ್ಲಿ ಹನಿ ನಿಂತು ಆರುವ ಪ್ರಶ್ನೆಯೇ ಇಲ್ಲ. ಹಾಗಾಗಿ ಗಡುಸು ನೀರಿನ ಊರುಗಳಲ್ಲಿ ಇದು ಕಾರಿನ ಬಣ್ಣಕ್ಕೂ ಒಳ್ಳೆಯದೇ.

ಇನ್ನು ದೋಷಕ್ಕೆ ಬರೋಣ. ನಮ್ಮೂರಿನ ದೂಳು ಅಷ್ಟು ಬಡಪಾಯಿ ದೂಳಲ್ಲ. ಕಲ್ಲಿನ ಕೋಟೆಯ ಊರು, ಸುತ್ತಮುತ್ತ ಕಲ್ಲುಪುಡಿ, ಕೆಂಪು ಮಣ್ಣು, ಲಾರಿ ಓಡಾಡುವ ಹೆದ್ದಾರಿ. ಈ ದೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಬೆಣಚು ಗಾಜನ್ನೇ ಗೀರಬಲ್ಲದ್ದು ಎಂದು ನಮ್ಮ ಶಾಲೆಯ ವಿಜ್ಞಾನದ ಮೇಡಂ ಮಕ್ಕಳಿಗೆ ತೋರಿಸುತ್ತಾರೆ. ಕಾರಿನ ಬಣ್ಣದ ಮೇಲಿರುವ ಪಾರದರ್ಶಕ ಲೇಪನವೋ ಗಾಜಿಗಿಂತ ಎಷ್ಟೋ ಮೆದು. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ನಮ್ಮ ತಲೆಗೂದಲಿಗಿಂತಲೂ ತೆಳು. ಮದುವೆಗೆಂದು ಹಳ್ಳಿಗೆ ಹೋಗಿ ಬಂದ ಕಾರಿನ ಮೇಲೆ ಒಂದು ಪದರ ಮಣ್ಣು ಕೂತಿರುವಾಗ ಶೀಶೆಯ ಎರಡು ಸಿಂಪಡಣೆಗೆ ಅದೆಲ್ಲ ನೆನೆಯುವುದಿಲ್ಲ. ನೆನೆಯದ ಕಣವನ್ನು ಬಟ್ಟೆಯಲ್ಲಿ ಎಳೆದರೆ ಅದು ಉಪ್ಪುಕಾಗದ ಹಾಕಿ ಉಜ್ಜಿದಂತೆಯೇ. ಬಿಸಿಲಿನಲ್ಲಿ ಜೇಡರ ಬಲೆಯಂತೆ ಕಾಣುವ ಸುತ್ತುಗೀರುಗಳು ಹುಟ್ಟುವುದು ಹೀಗೆ. ಕೆಸರು, ಮರಳು ಅಂಟಿದ ಕಾರಿಗೆ ಈ ದ್ರವ ಹಾಕಬೇಡಿ ಎಂದು ಈ ಕೆಲಸದ ಬಲ್ಲಿದರೇ ಹೇಳುತ್ತಾರೆ. ಮೊದಲು ನೀರು ಹರಿಸಿ ದಪ್ಪ ಮಣ್ಣು ಇಳಿಸಲೇಬೇಕು. ಹಾಗಾದರೆ ‘ನೀರಿಲ್ಲದ’ ಎಂಬ ಮಾತು ನಿಲ್ಲುವುದು ಈಗಾಗಲೇ ಮುಕ್ಕಾಲು ಪಾಲು ಚೊಕ್ಕಟವಾಗಿರುವ ಕಾರಿಗೆ ಮಾತ್ರ.

ಎರಡನೆಯದು ಬಟ್ಟೆಯ ಲೆಕ್ಕ. ಇದಕ್ಕೆ ಹಳೆಯ ಬನಿಯನ್ನು, ಸವೆದ ಟವೆಲು ಸಾಲದು. ಮೈಕ್ರೋಫೈಬರ್ ಎಂಬ ಬಟ್ಟೆ ಬೇಕು. ಪಾಲಿಯೆಸ್ಟರ್ ಮತ್ತು ನೈಲಾನಿನ ಅತಿ ಸಣ್ಣ ಎಳೆಗಳಿಂದ ಮಾಡಿದ್ದು. ಅದನ್ನು ನಾಲ್ಕು ಮಡಿಕೆ ಮಾಡಿ, ಒಂದು ಮಗ್ಗುಲು ಕೊಳೆಯಾದ ಕೂಡಲೇ ಇನ್ನೊಂದು ಮಗ್ಗುಲಿಗೆ ತಿರುಗಿಸಿ, ಮೇಲಿನಿಂದ ಕೆಳಕ್ಕೆ ಬರಬೇಕು. ಎಲ್ಲ ಮಗ್ಗುಲೂ ಮುಗಿದರೆ ಹೊಸ ಬಟ್ಟೆ. ನಮ್ಮ ಸಣ್ಣ ಕಾರಿಗೇ ಆರು ಬಟ್ಟೆ ಬೇಕಾಗುತ್ತವೆ. ತಮ್ಮ ಕೊಟ್ಟ ಶೀಶೆ ನಮ್ಮ ಮನೆಗೆ ಬಂದ ಮೇಲೆ ನಮ್ಮ ಯಜಮಾನರು ಭಾನುವಾರ ಬೆಳಿಗ್ಗೆ ಬಹಳ ಶ್ರದ್ಧೆಯಿಂದ ಕಾರು ಒರೆಸುತ್ತಾರೆ. ಒರೆಸಿ, ‘ನೋಡು, ಒಂದು ಚೊಂಬು ನೀರೂ ಖರ್ಚಾಗಲಿಲ್ಲ’ ಎಂದು ಹೇಳಿ, ಆರು ಕೊಳೆ ಬಟ್ಟೆಗಳನ್ನು ಬಚ್ಚಲಮನೆಯ ಮೂಲೆಗೆ ಹಾಕಿ, ಪತ್ರಿಕೆ ಹಿಡಿದು ಕೂರುತ್ತಾರೆ.

ಆ ಬಟ್ಟೆಗಳನ್ನು ಒಗೆಯುವವರು ಯಾರು ಎಂದು ಬೇರೆ ಹೇಳಬೇಕಾಗಿಲ್ಲ. ಅವನ್ನು ಉಳಿದ ಬಟ್ಟೆಯ ಜೊತೆ ಹಾಕುವಂತಿಲ್ಲ, ಹತ್ತಿಯ ನಾರು ಅಂಟಿಕೊಳ್ಳುತ್ತದೆ. ಬಟ್ಟೆ ಮೆತ್ತಗಾಗಿಸುವ ದ್ರವ ಹಾಕುವಂತಿಲ್ಲ, ಎಳೆಗಳು ಮುಚ್ಚಿಹೋಗಿ ಹೀರುವ ಗುಣ ಕುಂದುತ್ತದೆ. ಕುದಿನೀರು, ಇಸ್ತ್ರಿ ಎರಡೂ ಆಗದು. ಒಂದು ಭಾನುವಾರ ನಾನು ಬಕೆಟ್ಟು ಇಟ್ಟು ಅಳೆದೆ. ನೆನೆಹಾಕಲು ಅರ್ಧ ಬಕೆಟ್ಟು, ಎರಡು ಸಲ ಜಾಲಿಸಲು ಎರಡು ಬಕೆಟ್ಟು. ನಮ್ಮ ಬಕೆಟ್ಟು ಹದಿನೈದು ಲೀಟರಿನದು. ಒಟ್ಟು ಮೂವತ್ತೇಳೂವರೆ ಲೀಟರ್. ಮೊದಲು ಇದೇ ಕಾರನ್ನು ಬಕೆಟ್ಟು, ಹಳೆಯ ಬಟ್ಟೆಯಲ್ಲಿ ತೊಳೆಯುತ್ತಿದ್ದಾಗ ಆಗುತ್ತಿದ್ದ ಖರ್ಚು ಎರಡು ಬಕೆಟ್ಟು, ಅಂದರೆ ಮೂವತ್ತು ಲೀಟರ್. ನೀರಿಲ್ಲದ ಸ್ನಾನಕ್ಕೆ ನೀರಿನ ಸ್ನಾನಕ್ಕಿಂತ ಏಳೂವರೆ ಲೀಟರ್ ಹೆಚ್ಚೇ ಆಯಿತಲ್ಲ! ವ್ಯತ್ಯಾಸ ಇಷ್ಟೇ: ಮೊದಲಿನ ನೀರು ಅಂಗಳದಲ್ಲಿ ಹರಿದು ಎಲ್ಲರಿಗೂ ಕಾಣುತ್ತಿತ್ತು. ಈಗಿನ ನೀರು ಬಚ್ಚಲಮನೆಯಲ್ಲಿ ಹರಿಯುತ್ತದೆ. ಹೆಂಗಸರ ಕೆಲಸದ ಜೊತೆ ಸೇರಿಹೋದ ನೀರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಜೊತೆಗೆ ಈ ಬಟ್ಟೆ ಪ್ಲಾಸ್ಟಿಕ್ಕಿನ ಸಂಬಂಧಿ. ಒಗೆದಾಗಲೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಚರಂಡಿಗೆ ಹೋಗುತ್ತವೆ. ಇದೂ ಶೀಶೆಯ ಮೇಲಿನ ಹಸಿರು ಎಲೆಯ ಚಿತ್ರದಲ್ಲಿ ಕಾಣುವುದಿಲ್ಲ.

ಹಾಗೆಂದು ಶೀಶೆ ಸುಳ್ಳು, ಪೈಪು ಸತ್ಯ ಎಂದು ಯಾರೂ ತೀರ್ಮಾನಿಸಬಾರದು. ಪೈಪಿನ ಲೆಕ್ಕವನ್ನೂ ಮಾಡಿದ್ದೇನೆ. ನಮ್ಮ ಮನೆಯ ಪೈಪಿನಲ್ಲಿ ಹದಿನೈದು ಲೀಟರಿನ ಬಕೆಟ್ಟು ಒಂದು ನಿಮಿಷಕ್ಕೆ ತುಂಬುತ್ತದೆ. ಹತ್ತು ನಿಮಿಷ ಪೈಪು ಹಿಡಿದು ಕಾರು ತೊಳೆದರೆ 150 ಲೀಟರ್. ಹಳ್ಳಿಯ ಮನೆಮನೆಗೆ ನಲ್ಲಿ ಕೊಡುವ ಜಲ ಜೀವನ್ ಯೋಜನೆಯಲ್ಲಿ ಒಬ್ಬರಿಗೆ ದಿನಕ್ಕೆಂದು ನಿಗದಿ ಮಾಡಿರುವುದು 55 ಲೀಟರ್. ಹೆಚ್ಚುಕಡಿಮೆ ಮೂರು ಜನರ ಒಂದು ದಿನದ ನೀರು ಒಂದು ಕಾರಿನ ಮೈಮೇಲಿಂದ ಇಳಿದು ಚರಂಡಿ ಸೇರುತ್ತದೆ. ಶೀಶೆಯ ಬರಹದಲ್ಲಿ ‘ಇಷ್ಟು ಲೀಟರ್ ಉಳಿತಾಯ’ ಎಂದಿರುವುದು ಈ ಪೈಪಿನ ಜೊತೆ ಹೋಲಿಸಿ. ಬಕೆಟ್ಟಿನ ಜೊತೆ ಹೋಲಿಸಿದರೆ ಆ ಹೆಮ್ಮೆಯ ಅಂಕಿ ಬಹಳ ಸಣ್ಣದಾಗುತ್ತದೆ. ಜಾಣ ಹುಡುಗ ತರಗತಿಯ ದಡ್ಡನ ಪಕ್ಕದಲ್ಲಿ ನಿಂತು ತನ್ನ ಎತ್ತರ ತೋರಿಸಿದ ಹಾಗೆ!

ಮೂರನೆಯದು ಕೈಯ ವಿಷಯ. ನಮ್ಮ ಬಡಾವಣೆಗೆ ಬೆಳಿಗ್ಗೆ ಐದೂವರೆಗೆ ಸೈಕಲ್ಲಿನಲ್ಲಿ ಒಬ್ಬ ಹುಡುಗ ಬರುತ್ತಾನೆ. ತಿಂಗಳಿಗೆ ಕಾರಿಗೆ ಇಷ್ಟೆಂದು ಕೆಲವು ನೂರು ರೂಪಾಯಿ. ಹನ್ನೊಂದು ಕಾರುಗಳಿಗೆ ಅವನ ಕೈಲಿರುವುದು ಎರಡು ಬಟ್ಟೆ, ಒಂದು ಬಕೆಟ್ಟು. ಮೂರನೆಯ ಕಾರಿನ ಹೊತ್ತಿಗೆ ಆ ನೀರು ಟೀ ಬಣ್ಣಕ್ಕೆ ತಿರುಗಿರುತ್ತದೆ. ‘ನೀರು ಬದಲಾಯಿಸಬಾರದೇನಪ್ಪ?’ ಎಂದು ಕೇಳಿದೆ. ‘ಯಾರ್ ಕೊಡ್ತಾರೆ ಮೇಡಂ? ಒಂದ್ ಬಕೆಟ್ ಕೇಳಿದ್ರೇ ಸಂಪಿನ ಮುಚ್ಚಳ ನೋಡ್ತಾರೆ. ಗೀರು ಬಿದ್ರೆ ಮಾತ್ರ ನನ್ನೇ ಬೈತಾರೆ’ ಎಂದ. ಈಗ ಎರಡು ಮನೆಯವರು ಅವನಿಗೆ ಈ ಶೀಶೆ ಕೊಟ್ಟಿದ್ದಾರೆ. ಶೀಶೆ ಕೊಟ್ಟರು, ಬಟ್ಟೆ ಕೊಡಲಿಲ್ಲ. ಅದೇ ಎರಡು ಬಟ್ಟೆಯಲ್ಲಿ ಅವನು ಆ ದ್ರವ ಹಾಕಿ ಒರೆಸುತ್ತಾನೆ. ಬರಿಗೈಯಲ್ಲಿ ಒರೆಸಿ ಒರೆಸಿ ಬೆರಳಿನ ತುದಿ ಒಣಗಿ ಬಿರಿದಿದೆ. ಪಾತ್ರೆ ತಿಕ್ಕುವ ನಮ್ಮ ಕೈಗಳಿಗೆ ಆ ಬಿರುಕಿನ ಉರಿ ಗೊತ್ತು. ನೀರು ಉಳಿಸಿದ ಪುಣ್ಯ ಕಾರಿನ ಮಾಲೀಕರದ್ದು, ಬಿರುಕು ಇವನದು, ಗೀರಿನ ಬೈಗುಳವೂ ಇವನದೇ.

ಮೂರನ್ನೂ ಕೂಡಿಸಿ ನೋಡಿದಾಗ ನನಗೆ ತೋರುವುದು ಇದು. ಈ ಶೀಶೆ ನೀರನ್ನು ಇಲ್ಲವಾಗಿಸುವುದಿಲ್ಲ. ಅಂಗಳದಿಂದ ಎತ್ತಿ ಒಂದಿಷ್ಟನ್ನು ಬಚ್ಚಲಿಗೆ ಸಾಗಿಸುತ್ತದೆ, ಉಳಿದದ್ದರ ಬದಲಿಗೆ ಒಬ್ಬರ ಶ್ರಮವನ್ನು ತುಂಬುತ್ತದೆ. ಸಾಗಿಸುವುದೂ ಕೆಲವೊಮ್ಮೆ ಒಳ್ಳೆಯದೇ, ಆದರೆ ಎಲ್ಲಿಗೆ ಹೋಯಿತು, ಯಾರ ಮೇಲೆ ಬಿತ್ತು ಎಂದು ಕೇಳದೆ ಬೆನ್ನು ತಟ್ಟಿಕೊಳ್ಳುವುದು ಸರಿಯಲ್ಲ. ‘ಅರ್ಧ ಬಕೆಟ್ ಬೇಕು’ ಎಂದು ಮೊದಲೇ ಹೇಳುವ ತಂಗಿಯನ್ನು ನಾನು ಮೆಚ್ಚುವುದು ಈ ಕಾರಣಕ್ಕೆ. ಅವಳ ಪದ್ಧತಿಯಲ್ಲಿ ಬಟ್ಟೆ ತೊಪ್ಪನೆ ನೆನೆದಿರುವುದರಿಂದ ಗೀರಿನ ಭಯವೂ ಕಡಿಮೆ. ನಾಲ್ಕಾರು ಬಟ್ಟೆಗಳನ್ನು ಒಟ್ಟಿಗೆ ಬಕೆಟ್ಟಿನಲ್ಲಿ ನೆನೆಸಿಟ್ಟು, ಒಂದೊಂದಾಗಿ ತೆಗೆದು, ಒಮ್ಮೆ ಒರೆಸಿದ್ದನ್ನು ಮತ್ತೆ ಅದರೊಳಗೆ ಅದ್ದದಿದ್ದರೆ ಬಕೆಟ್ಟಿನ ನೀರು ಕೊನೆಯವರೆಗೂ ತಿಳಿಯಾಗಿಯೇ ಇರುತ್ತದೆ. ಎಂಜಲು ಸೌಟನ್ನು ಮತ್ತೆ ಪಾತ್ರೆಗೆ ಹಾಕಬಾರದೆಂಬ ನಮ್ಮ ಅಡುಗೆಮನೆಯ ಮಡಿಯೇ ಅದು.

ನಮ್ಮ ಜಿಲ್ಲೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಹರಿದದ್ದು ಬಿಟ್ಟರೆ ಮತ್ತೆ ಹರಿದದ್ದು 89 ವರ್ಷಗಳ ಮೇಲೆ, 2022ರಲ್ಲಿ. ಜನ ಜಾತ್ರೆಯಂತೆ ಹೋಗಿ ನೋಡಿ ಬಂದರು, ನಾನೂ ಹೋಗಿದ್ದೆ. ಆ ವರ್ಷ ನಮ್ಮ ಬೀದಿಯಲ್ಲಿ ಪೈಪುಗಳು ಧಾರಾಳವಾಗಿ ಹರಿದವು. 2024ರ ಬೇಸಿಗೆಗೆ ಅದೇ ಮನೆಗಳ ಮುಂದೆ ಟ್ಯಾಂಕರು ನಿಂತಿದ್ದವು. ಕೆರೆ ತುಂಬಿದಾಗ ಮರೆತು, ಬತ್ತಿದಾಗ ಶೀಶೆ ಕೊಳ್ಳುವುದು ಉಳಿತಾಯ ಎನಿಸುವುದಿಲ್ಲ. ಮಿತವಾಗಿ ಬಳಸುವ ಬಕೆಟ್ಟು ಎರಡೂ ಕಾಲಕ್ಕೆ ಆಗುವಂಥದ್ದು.

ಮನೆಯಲ್ಲಿ ಕಾರಿರುವ ಸೋದರಿಯರಿಗೆ ನನ್ನ ಸಲಹೆ ಇಷ್ಟು. ಬರೀ ತೆಳು ದೂಳಿದ್ದರೆ ಶೀಶೆ ಸಾಕು. ಮಣ್ಣು ಕೂತಿದ್ದರೆ ಮಳೆಯ ನೀರು ಹಿಡಿದಿಟ್ಟದ್ದಿದ್ದರೆ ಅದರಿಂದ ಮೊದಲು ಇಳಿಸಿ. ಮಳೆನೀರು ಮೆದು, ಬಿಳಿ ಕಲೆ ಬಿಡುವುದಿಲ್ಲ. ಒರೆಸಿದ ಬಟ್ಟೆಗಳನ್ನು ಪ್ರತಿ ವಾರ ಒಗೆಯದೆ ಒಣಗಿಸಿ ಎತ್ತಿಟ್ಟು, ನಾಲ್ಕು ವಾರದ್ದನ್ನು ಒಟ್ಟಿಗೆ ಒಗೆಯಿರಿ. ನಾನು ಅಳೆದಂತೆ ಐದು ಬಕೆಟ್ಟಿನಲ್ಲಿ ಮುಗಿಯುತ್ತದೆ, ಅಂದರೆ ವಾರಕ್ಕೆ ಹತ್ತೊಂಬತ್ತು ಲೀಟರಿಗೂ ಕಡಿಮೆ. ಆಗ ಮಾತ್ರ ಹಳೆಯ ಬಕೆಟ್ಟಿಗಿಂತ ಇದು ನಿಜವಾಗಿ ಮೇಲು. ನೆನೆಹಾಕುವುದಕ್ಕೆ ದಿನದ ಬಟ್ಟೆ ಜಾಲಿಸಿದ ಕೊನೆಯ ನೀರೇ ಧಾರಾಳ. ಕಾರು ಒರೆಸುವ ಹುಡುಗನಿಗೆ ಶೀಶೆ ಕೊಡುವವರು ಜೊತೆಗೆ ಅರ್ಧ ಡಜನ್ ಬಟ್ಟೆ, ಒಂದು ಜೊತೆ ರಬ್ಬರಿನ ಕೈಗವಸು ಕೊಡಿ.

ಮನೆಯ ಗಂಡಸರೇ ಒರೆಸುವುದಾದರೆ, ಒರೆಸಿದ ಬಟ್ಟೆಯನ್ನೂ ಅವರೇ ಒಗೆಯಲಿ. ನಮ್ಮ ಮನೆಯಲ್ಲಿ ಈಗ ಹಾಗೇ ನಡೆದಿದೆ. ಬಟ್ಟೆ ತಾವೇ ಒಗೆಯಲು ಶುರು ಮಾಡಿದ ಮೇಲೆ ನಮ್ಮ ಯಜಮಾನರು ‘ಒಂದು ಚೊಂಬು ನೀರೂ ಖರ್ಚಾಗಲಿಲ್ಲ’ ಎಂಬ ಮಾತನ್ನು ಆಡುತ್ತಿಲ್ಲ. ಕಾರು ಒರೆಸುವುದು ಈಗ ಎರಡು ವಾರಕ್ಕೊಮ್ಮೆ.